ಹಳೇ ಫೆಂಡರಾ, ಬೂಟೀಕ್ ಬೇಸಾ? ಕೊಳ್ಳುವ ಮುಂಚೆ ನೋಡಬೇಕಾದ್ದು

ಬೇಸ್ ಗಿಟಾರ್ ನುಡಿಸುವ ನಾಲ್ಕು ಜನ ಒಂದು ಕಡೆ ಸೇರಿದರೆ ಈ ಮಾತು ಬಂದೇ ಬರುತ್ತದೆ. 1960ರ ದಶಕದ ಫೆಂಡರ್ ಕಂಪನಿಯ ಬೇಸ್ ಮುಂದೆ ಮಿಕ್ಕಿದ್ದೆಲ್ಲ ಸುಮ್ನೆ ಅಂತ ಒಬ್ಬರು. ಅಷ್ಟು ದುಡ್ಡಿಗೆ ನಮ್ಮ ಕೈಯಳತೆ ನೋಡಿ ಮಾಡಿಕೊಡುವವರೇ ಸಿಗುತ್ತಾರಲ್ಲ, ಅರವತ್ತು ವರ್ಷದ ಹಳೇ ಮರ ಯಾಕೆ ಅಂತ ಇನ್ನೊಬ್ಬರು. ಟೀ ಆರಿದರೂ ಜಗಳ ಆರುವುದಿಲ್ಲ.

ಕೇಳಲು ಚೆನ್ನಾಗಿರುತ್ತದೆ, ಆದರೆ ನಿಜವಾಗಿ ದುಡ್ಡು ಹಿಡಿದು ಹೊರಟವರಿಗೆ ಇದರಿಂದ ಪ್ರಯೋಜನ ಇಲ್ಲ. ನಾನು ಇದನ್ನು ನೋಡುವ ರೀತಿ ಬೇರೆ. ಬೂಟೀಕ್ ಬೇಸ್‌ಗಳು, ಅಂದರೆ ಸಣ್ಣ ಕಾರ್ಯಾಗಾರಗಳಲ್ಲಿ ಕೈಯಲ್ಲಿ ಮಾಡುವ ದುಬಾರಿ ಬೇಸ್‌ಗಳು, ಹುಟ್ಟಿಕೊಂಡಿದ್ದೇ ಹಳೇ ಫೆಂಡರ್‌ಗಳ ಮೇಲೆ ನುಡಿಸುವವರಿಗಿದ್ದ ದೂರುಗಳಿಂದ. ಗುಂಯ್ ಅನ್ನುತ್ತದೆ. ನೆಕ್, ಅಂದರೆ ಎಡಗೈ ಹಿಡಿಯುವ ಉದ್ದನೆಯ ಕುತ್ತಿಗೆ, ಬಾಗುತ್ತದೆ. ಹೆಗಲು ನೋಯುತ್ತದೆ. ಇನ್ನೂ ಕೆಳಗಿನ ಸ್ವರ ಬೇಕು. ಒಂದೊಂದು ದೂರಿಗೆ ಒಬ್ಬೊಬ್ಬ ಕೆಲಸಗಾರ ಒಂದೊಂದು ಉತ್ತರ ಹುಡುಕಿದ. ಹಾಗಾಗಿ ಕೊಳ್ಳುವವರು ಕೇಳಿಕೊಳ್ಳಬೇಕಾದ್ದು ಇಷ್ಟೇ: ಇವುಗಳಲ್ಲಿ ನನ್ನ ದೂರು ಯಾವುದು? ಯಾವುದೂ ಇಲ್ಲ ಅಂದರೆ ಹಳೇದು ಸಾಕು. ಇಲ್ಲದ ಕಾಯಿಲೆಗೆ ಔಷಧಿ ಕೊಳ್ಳುವುದು ಬೇಡ.

ಯಾವುದು ವಿಂಟೇಜ್, ಯಾವುದು ಬೂಟೀಕ್

ಲಿಯೋ ಫೆಂಡರ್ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಲ್ಲಿ ಪ್ರಿಸಿಷನ್ ಬೇಸ್ ಹೊರತಂದದ್ದು 1951ರಲ್ಲಿ. 1957ರಲ್ಲಿ ಅದರ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಎರಡು ತುಂಡಾಗಿ, ನಾವು ಇವತ್ತು ನೋಡುವ ರೂಪಕ್ಕೆ ಬಂತು. 1960ರಲ್ಲಿ ಜಾಝ್ ಬೇಸ್ ಬಂತು. ಇದರ ನೆಕ್ ನಟ್ (ತಲೆಯ ಕಡೆ ತಂತಿ ಕೂರುವ ಪಟ್ಟಿ) ಹತ್ತಿರ ಸಣ್ಣ, ಪಿಕಪ್ ಎರಡು. 1965ರ ಜನವರಿಯಲ್ಲಿ ಸಿಬಿಎಸ್ ಕಂಪನಿ 1.3 ಕೋಟಿ ಡಾಲರ್ ಕೊಟ್ಟು ಫೆಂಡರ್ ಕಂಪನಿಯನ್ನೇ ಕೊಂಡಿತು. ಅದಕ್ಕಿಂತ ಹಿಂದಿನವಕ್ಕೆ ಪ್ರೀ-ಸಿಬಿಎಸ್ ಅಂತ ಹೆಸರು. ಬೆಲೆ ಆಕಾಶಕ್ಕೇರಿರುವುದು ಮುಖ್ಯವಾಗಿ ಇವುಗಳದ್ದು. 1970ರ ದಶಕದವನ್ನು ಒಂದು ಕಾಲದಲ್ಲಿ ಯಾರೂ ಕೇಳುತ್ತಿರಲಿಲ್ಲ. ಈಗ ಅವೂ ವಿಂಟೇಜ್ ಸಾಲಿಗೆ ಸೇರಿವೆ.

ಫೆಂಡರ್ ಬಿಟ್ಟು ರಿಕನ್‌ಬ್ಯಾಕರ್ 4001, ಗಿಬ್ಸನ್ ಥಂಡರ್‌ಬರ್ಡ್, 1976ರಲ್ಲಿ ಬಂದ ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇ, ಪಿಟೀಲಿನ ಆಕಾರದ ಹೋಫ್ನರ್ 500/1 ಇವೆ. ಈ ಹೋಫ್ನರ್ ಕಥೆ ಗೊತ್ತಲ್ಲ? ಪಾಲ್ ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ಕೊಂಡಿದ್ದು 1972ರಲ್ಲಿ ಕಳುವಾಗಿ, ಐವತ್ತು ವರ್ಷದ ಮೇಲೆ ಸಿಕ್ಕಿತು ಅಂತ 2024ರಲ್ಲಿ ಸುದ್ದಿಯಾಯಿತು. ಇವೆಲ್ಲ ತಮ್ಮ ತಮ್ಮ ಸದ್ದಿಗೆ ಬೇಕಾದ ವಾದ್ಯಗಳು. ಆದರೆ ‘ಒಂದೇ ಬೇಸ್ ಇಟ್ಟುಕೊಂಡು ಎಲ್ಲ ನುಡಿಸಬೇಕು’ ಅನ್ನುವವರ ಹೋಲಿಕೆ ಕೊನೆಗೆ ಬಂದು ನಿಲ್ಲುವುದು ಪ್ರಿಸಿಷನ್ ಮತ್ತು ಜಾಝ್ ಹತ್ತಿರವೇ. ನಾನೂ ಅವೆರಡನ್ನೇ ಹಿಡಿದುಕೊಳ್ಳುತ್ತೇನೆ.

ಬೂಟೀಕ್ ಕಡೆ ಮೊದಲು ಬರುವ ಹೆಸರು ಅಲೆಂಬಿಕ್. ಗ್ರೇಟ್‌ಫುಲ್ ಡೆಡ್ ತಂಡದ ಸೌಂಡ್ ನೋಡಿಕೊಳ್ಳುತ್ತಿದ್ದವರ ಬಳಗದಿಂದ ಬಂದ ಕಂಪನಿ ಇದು. 1972ರಲ್ಲಿ ಜೆಫರ್ಸನ್ ಏರ್‌ಪ್ಲೇನ್ ತಂಡದ ಜ್ಯಾಕ್ ಕ್ಯಾಸಡಿಗೆ ಮಾಡಿಕೊಟ್ಟ ಬೇಸ್‌ನಿಂದ ಇವರ ಲೆಕ್ಕ ಶುರು. 1979ರಲ್ಲಿ ರೋಜರ್ ಸಡೌಸ್ಕಿ ನ್ಯೂಯಾರ್ಕ್‌ನಲ್ಲಿ ಅಂಗಡಿ ತೆರೆದರು. 1983ರಲ್ಲಿ ಬ್ರೂಕ್ಲಿನ್‌ನಲ್ಲಿ ವಿನ್ನಿ ಫೊಡೆರಾ ಮತ್ತು ಜೋಯಿ ಲಾರಿಸೆಲ್ಲಾ ಸೇರಿ ಫೊಡೆರಾ ಶುರು ಮಾಡಿದರು. ಕೆನಡಾದ ಡಿಂಗ್‌ವಾಲ್, ಎಫ್ ಬೇಸ್, ಪೋಲೆಂಡಿನ ಮೇಯೋನಿಸ್, ಜರ್ಮನಿಯ ಸ್ಯಾಂಡ್‌ಬರ್ಗ್ ಹೀಗೆ ಪಟ್ಟಿ ಬೆಳೆಯುತ್ತದೆ.

ಇವರಲ್ಲಿ ಸಡೌಸ್ಕಿ ಮುಖ್ಯ. ಅವರು ಹೆಸರು ಮಾಡಿದ್ದು ನ್ಯೂಯಾರ್ಕಿನ ಸ್ಟುಡಿಯೋಗಳಲ್ಲಿ ನುಡಿಸುವವರ ಫೆಂಡರ್‌ಗಳನ್ನು ರಿಪೇರಿ ಮಾಡಿ, ಒಳಗೆ ಪ್ರೀಆಂಪ್ (ಸದ್ದನ್ನು ತಿದ್ದಿ ಬಲಪಡಿಸುವ ಸರ್ಕ್ಯೂಟ್) ಕೂರಿಸಿಕೊಟ್ಟು. ಬೇಸ್ ವಾದಕ ಮಾರ್ಕಸ್ ಮಿಲ್ಲರ್ ಅವರ ಪ್ರಸಿದ್ಧ 1977ರ ಜಾಝ್ ಬೇಸ್ ಹಾಗೆ ಸಡೌಸ್ಕಿ ಕೈಯಲ್ಲಿ ಬದಲಾದದ್ದು. ಅದು ವಿಂಟೇಜಾ, ಬೂಟೀಕಾ? ಎರಡೂ ಹೌದು.

ಗುಂಯ್ ಅನ್ನುವ ಸದ್ದು

ಜಾಝ್ ಬೇಸ್‌ನ ಎರಡೂ ಪಿಕಪ್‌ಗಳು ಸಿಂಗಲ್ ಕಾಯಿಲ್, ಅಂದರೆ ಒಂದೊಂದೇ ಸುರುಳಿಯವು. ಎರಡರ ವಾಲ್ಯೂಮ್ ಪೂರ್ತಿ ಏರಿಸಿದಾಗ ಒಂದರ ಗುಂಯ್ ಸದ್ದನ್ನು ಇನ್ನೊಂದು ಹೊಡೆದುಹಾಕುತ್ತದೆ. ಮಾರುವವರು ಬಹಳ ಸಲ ಹಾಗೇ ಇಟ್ಟು ಕೈಗೆ ಕೊಡುತ್ತಾರೆ. ನೀವು ಹೀಗೆ ಮಾಡಿ. ಆಂಪ್ ಸ್ವಲ್ಪ ಜೋರಾಗಿಡಿ. ತಂತಿ ಮುಟ್ಟಬೇಡಿ. ನೆಕ್ ಕಡೆಯ ಪಿಕಪ್‌ನ ವಾಲ್ಯೂಮನ್ನು ನಿಧಾನವಾಗಿ ಇಳಿಸುತ್ತಾ ಬನ್ನಿ. ನಾಬ್ ಸ್ವಲ್ಪ ತಿರುಗುವಷ್ಟರಲ್ಲೇ ಗುಂಯ್ ಶುರುವಾಗುತ್ತದೆ, ಪೂರ್ತಿ ಇಳಿಸಿದರೆ ಇನ್ನೂ ಜಾಸ್ತಿ. ಈಗ ತಂತಿ ಮೇಲೆ ಅಂಗೈ ಇಡಿ, ಕೊಂಚ ತಗ್ಗುತ್ತದೆ. ಬೇಸ್ ಹಾಕಿಕೊಂಡೇ ನಿಂತಲ್ಲಿ ಒಂದು ಸುತ್ತು ತಿರುಗಿ. ಒಂದು ದಿಕ್ಕಿಗೆ ಸದ್ದು ಏರುತ್ತದೆ, ಇನ್ನೊಂದು ದಿಕ್ಕಿಗೆ ಹೆಚ್ಚುಕಡಿಮೆ ಮಾಯ. ಇದು ವಾದ್ಯ ಕೆಟ್ಟಿರುವುದಲ್ಲ. ಸಿಂಗಲ್ ಕಾಯಿಲ್‌ನ ಗುಣವೇ ಅದು.

ಸ್ಟುಡಿಯೋದಲ್ಲಿ ಆ ಕಡಿಮೆ ಸದ್ದಿನ ದಿಕ್ಕು ಹುಡುಕಿಕೊಂಡು ಕೂತರೆ ಆಯಿತು. ನಮ್ಮ ಕಡೆಯ ಸ್ಟೇಜ್‌ನಲ್ಲಿ ಆಗುವುದಿಲ್ಲ. ಗಣೇಶನ ಪೆಂಡಾಲ್ ಅಥವಾ ರಾಜ್ಯೋತ್ಸವದ ವೇದಿಕೆ ನೆನಪು ಮಾಡಿಕೊಳ್ಳಿ. ಹಿಂದೆ ಎಲ್‌ಇಡಿ ಪರದೆ, ಮೇಲೆ ಡಿಮ್ಮರ್‌ನ ಲೈಟು, ಪಕ್ಕದಲ್ಲಿ ಜನರೇಟರ್, ಅರ್ಥಿಂಗ್ ದೇವರಿಗೇ ಪ್ರೀತಿ. ಬ್ರಿಜ್ (ಬಾಡಿ ಮೇಲೆ ತಂತಿ ಕೂರುವ ಭಾಗ) ಕಡೆಯ ಪಿಕಪ್ ಒಂದನ್ನೇ ಇಟ್ಟುಕೊಂಡು ಪ್ರಸಿದ್ಧ ಬೇಸ್ ವಾದಕ ಜಾಕೊ ಪಾಸ್ಟೋರಿಯಸ್ ಥರ ನುಡಿಸಲು ಹೋದರೆ ಹಾಡು ಮುಗಿದ ಮೇಲೂ ನಿಮ್ಮ ಬೇಸ್ ಹಾಡುತ್ತಲೇ ಇರುತ್ತದೆ. ಸೌಂಡ್‌ನವರು ಅಲ್ಲಿಂದಲೇ ಕೈ ಆಡಿಸಿ ‘ಏನ್ ಸಾರ್ ಅದು’ ಅನ್ನುತ್ತಾರೆ.

ಬೂಟೀಕ್‌ನವರು ಮೊದಲು ಕೈ ಹಾಕಿದ ಕೆಲಸಗಳಲ್ಲಿ ಇದೂ ಒಂದು. ಅಲೆಂಬಿಕ್ ಸೀರೀಸ್ ಮಾದರಿಗಳಲ್ಲಿ ಎರಡು ಪಿಕಪ್‌ಗಳ ನಡುವೆ ಗುಂಯ್ ಸದ್ದು ಕಳೆಯಲಿಕ್ಕೇ ಅಂತ ಒಂದು ಬೇರೆ ಕಾಯಿಲ್ ಇರುತ್ತದೆ. ಸಡೌಸ್ಕಿಯಲ್ಲಿ ಗುಂಯ್ ಅನ್ನದ ಪಿಕಪ್ ಸಿಗುತ್ತದೆ, ಒಳಗಿನ ಗೂಡಿಗೆಲ್ಲ ಶೀಲ್ಡಿಂಗ್ (ಹೊರಗಿನ ವಿದ್ಯುತ್ ಗದ್ದಲ ತಡೆಯುವ ಹೊದಿಕೆ) ಇರುತ್ತದೆ.

ಆದರೆ ಇದಕ್ಕಾಗಿಯೇ ಬೂಟೀಕ್ ಕೊಳ್ಳುವ ಮುಂಚೆ ಪ್ರಿಸಿಷನ್ ನೆನಪಿರಲಿ. 1957ರ ನಂತರದ ಪ್ರಿಸಿಷನ್‌ನ ಎರಡು ತುಂಡು ಪಿಕಪ್ ತಾನೇ ಗುಂಯ್ ಸದ್ದನ್ನು ಕಳೆದುಕೊಳ್ಳುತ್ತದೆ. ಹಳೇ ಬೇಸ್ ಎಲ್ಲ ಗುಂಯ್ ಅನ್ನುತ್ತದೆ ಅನ್ನುವುದು ಜಾಝ್ ಬೇಸ್ ನೋಡಿ ಹುಟ್ಟಿದ ಮಾತು.

ಐದನೇ ತಂತಿ

ನನ್ನ ಪ್ರಕಾರ ಇಲ್ಲಿಗೆ ಅರ್ಧ ಜನರ ತೀರ್ಮಾನ ಆಗಿಹೋಗುತ್ತದೆ.

ನಾಲ್ಕು ತಂತಿಯ ಬೇಸ್‌ನಲ್ಲಿ ಅತಿ ಕೆಳಗಿನ ಸ್ವರ ಇ, ಸುಮಾರು 41 ಹರ್ಟ್ಸ್. ಐದು ತಂತಿಯದ್ದರಲ್ಲಿ ಬಿ, ಸುಮಾರು 31 ಹರ್ಟ್ಸ್. ರಾಕ್ ಬ್ಯಾಂಡ್‌ನಲ್ಲಿ ನುಡಿಸುವವರಿಗೆ ಇದು ಬೇಕಾದರೆ ಇರಲಿ ಅನ್ನುವ ವಿಷಯ. ಸುಗಮ ಸಂಗೀತ, ಸಿನಿಮಾ ಹಾಡಿನ ಆರ್ಕೆಸ್ಟ್ರಾಗಳಲ್ಲಿ ಹಾಗಲ್ಲ. ಇ ಶ್ರುತಿಯಲ್ಲಿ ಅಭ್ಯಾಸ ಮಾಡಿದ ಹಾಡಿಗೆ ವೇದಿಕೆ ಮೇಲೆ ನಿಂತ ಗಾಯಕರು ‘ಗಂಟಲು ಕಟ್ಟಿದೆ, ಒಂದು ಮನೆ ಇಳಿಸಿ’ ಅನ್ನುತ್ತಾರೆ. ಕೀಬೋರ್ಡ್‌ನವರು ಒಂದು ಬಟನ್ ಒತ್ತಿ ಸುಮ್ಮನಾಗುತ್ತಾರೆ. ಈಗ ಷಡ್ಜ ಡಿ. ನಿಮ್ಮ ಬೇಸ್‌ನಲ್ಲಿ ಆ ಡಿ ಇಲ್ಲ. ಒಂದು ಸ್ಥಾಯಿ ಮೇಲೆ ನುಡಿಸಬೇಕು. ನುಡಿಸಿದರೆ ಹಾಡಿನ ತೂಕವೇ ಹೋಗುತ್ತದೆ. ಇ ತಂತಿಯ ಟ್ಯೂನಿಂಗ್ ಕೀಗೆ ಡಿಗೆ ಇಳಿಸುವ ಸಣ್ಣ ಲಿವರ್ ಹಾಕಿಸಿಕೊಳ್ಳಬಹುದು, ಹಿಪ್‌ಶಾಟ್ ಕಂಪನಿಯವರದ್ದು ಚೆನ್ನಾಗಿದೆ. ಆದರೆ ಮುಂದಿನ ಹಾಡಿಗೆ ಸಿ ಬೇಕು ಅಂದರೆ?

ಹಳೇ ಫೆಂಡರ್‌ನಲ್ಲಿ ಐದು ತಂತಿ ಇರಲಿಲ್ಲವೇ ಅಂದರೆ ಇತ್ತು. 1965ರಲ್ಲಿ ಬೇಸ್ ಫೈವ್ ಅಂತ ತಂದರು. ತಮಾಷೆ ನೋಡಿ, ಐದನೇ ತಂತಿಯನ್ನು ಕೆಳಗೆ ಸೇರಿಸಲಿಲ್ಲ, ಮೇಲಿನ ಸಿ ಸ್ವರಕ್ಕೆ ಕಟ್ಟಿದರು, ಫ್ರೆಟ್ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿ) ಬರೀ 15. ಅದು ಓಡಲಿಲ್ಲ. ಕೆಳಗಿನ ಬಿ ತಂತಿ ನೆಲೆಯಾದದ್ದು 1970ರ ದಶಕದ ಮಧ್ಯದಿಂದೀಚೆಗೆ, ಅದೂ ಕೈಯಲ್ಲಿ ಮಾಡಿಕೊಡುವವರ ಮೂಲಕ. ಬೇಸ್ ವಾದಕ ಜಿಮ್ಮಿ ಜಾನ್ಸನ್ ಅಲೆಂಬಿಕ್‌ನಿಂದ ಐದು ತಂತಿಯದ್ದು ಮಾಡಿಸಿಕೊಂಡರು. ಇನ್ನೊಬ್ಬ ವಾದಕ ಆಂಥನಿ ಜ್ಯಾಕ್ಸನ್, ಬೇಸ್ ತಯಾರಕ ಕಾರ್ಲ್ ಥಾಂಪ್ಸನ್ ಕೈಯಲ್ಲಿ ಆರು ತಂತಿಯದ್ದು ಮಾಡಿಸಿದರು, ಕೊನೆಗೆ ಫೊಡೆರಾಗೆ ಬಂದು ನಿಂತರು.

ಬಿ ತಂತಿ ಸೇರಿಸುವುದೇನೋ ಸುಲಭ, ಅದು ಪಟಪಟ ಅನ್ನದೆ ಸ್ವರವಾಗಿ ಕೇಳಿಸುವುದು ಕಷ್ಟ. ನಟ್‌ನಿಂದ ಬ್ರಿಜ್‌ವರೆಗಿನ ತಂತಿಯ ಉದ್ದ ಫೆಂಡರ್‌ನಲ್ಲಿ 34 ಇಂಚು. ಕೆಲವರು 35 ಇಂಚು ಮಾಡುತ್ತಾರೆ. ಅದೇ ದಪ್ಪದ ತಂತಿ, ಅದೇ ಸ್ವರಕ್ಕೆ ಬಿಗಿತ ಶೇಕಡಾ 6ರಷ್ಟು ಏರುತ್ತದೆ. ಡಿಂಗ್‌ವಾಲ್‌ನವರು ಫ್ರೆಟ್‌ಗಳನ್ನು ಬೀಸಣಿಗೆ ಥರ ಓರೆಯಾಗಿ ಹಾಕಿ, ಬಿ ತಂತಿಗೆ 37 ಇಂಚು, ಜಿ ತಂತಿಗೆ 34 ಇಂಚು ಕೊಡುತ್ತಾರೆ. ಅಲ್ಲಿ ಬಿ ತಂತಿಯ ಬಿಗಿತ 34 ಇಂಚಿನದಕ್ಕಿಂತ ಶೇಕಡಾ 18ರಷ್ಟು ಜಾಸ್ತಿ. ಓರೆ ಫ್ರೆಟ್ ನೋಡಿದರೆ ತಲೆ ತಿರುಗುತ್ತದೆ ನಿಜ. ಕೈಗೆ ಬೇಗ ಅಭ್ಯಾಸ ಆಗುತ್ತದೆ, ಮೊದಲ ಮೂರು ಫ್ರೆಟ್‌ನಲ್ಲಿ ಮಾತ್ರ ಎಡಗೈ ಸ್ವಲ್ಪ ಗೊಣಗುತ್ತದೆ.

ಆದ್ದರಿಂದ ಐದು ತಂತಿ ಬೇಕಾದವರು ವಿಂಟೇಜ್ ಆಸೆ ಬಿಡಿ. ಇಲ್ಲಿ ಹೋಲಿಕೆಯೇ ಇಲ್ಲ.

ನೆಕ್, ಮಳೆಗಾಲ, ಮತ್ತು ತೂಕ

ಹಳೇ ಫೆಂಡರ್ ನೆಕ್ ಅಂದರೆ ಒಂದು ಮೇಪಲ್ ತುಂಡು, ಒಳಗೊಂದು ಕಬ್ಬಿಣದ ಟ್ರಸ್ ರಾಡ್. ಆ ರಾಡ್ ಒಂದೇ ಕಡೆಗೆ ಕೆಲಸ ಮಾಡುತ್ತದೆ. ತಂತಿಯ ಎಳೆತಕ್ಕೆ ನೆಕ್ ಮುಂದಕ್ಕೆ ಬಾಗಿದರೆ ಬಿಗಿ ಮಾಡಿ ಸರಿಪಡಿಸಬಹುದು. ಹಿಂದಕ್ಕೆ ಬಾಗಿದ್ದರೆ ರಾಡ್ ಸಡಿಲ ಬಿಡುವುದು ಬಿಟ್ಟು ಬೇರೆ ದಾರಿ ಇಲ್ಲ. 1960ರ ದಶಕದವುಗಳಲ್ಲಿ ರಾಡ್ ಬಿಗಿ ಮಾಡುವ ನಟ್ಟು ಇರುವುದು ನೆಕ್ಕಿನ ಬುಡದಲ್ಲಿ, ಬಾಡಿ ಒಳಗೆ. ಕಾಲು ಸುತ್ತು ತಿರುಗಿಸಬೇಕಾದರೂ ತಂತಿ ಸಡಿಲಿಸಿ, ಸ್ಕ್ರೂ ಬಿಚ್ಚಿ, ನೆಕ್ ಎತ್ತಿ, ತಿರುಗಿಸಿ, ಮತ್ತೆ ಕೂರಿಸಿ, ಶ್ರುತಿ ಮಾಡಿ ನೋಡಬೇಕು. ಸಾಲದಿದ್ದರೆ ಮತ್ತೆ ಮೊದಲಿಂದ.

ಬೆಂಗಳೂರಿನಲ್ಲಿ ಮಾರ್ಚ್ ಒಣ, ಜುಲೈ ತೇವ. ಇಲ್ಲಿ ವರ್ಷಕ್ಕೆ ಎರಡು ಸಲವಾದರೂ ಈ ಕೆಲಸ ಬೀಳುತ್ತದೆ. ಬೆಂಗಳೂರಿನಿಂದ ಮಂಗಳೂರಿಗೆ ಕಾರ್ಯಕ್ರಮಕ್ಕೆ ಒಯ್ದರಂತೂ ಘಟ್ಟ ಇಳಿಯುವಷ್ಟರಲ್ಲಿ ಆಕ್ಷನ್ (ಫ್ರೆಟ್‌ನಿಂದ ತಂತಿಯ ಎತ್ತರ) ಬದಲಾಗಬಹುದು. ಬೂಟೀಕ್ ನೆಕ್‌ಗಳಲ್ಲಿ ಮೂರೋ ಐದೋ ಪಟ್ಟಿ ಮರ ಅಂಟಿಸಿರುತ್ತಾರೆ, ಎಷ್ಟೋ ಕಡೆ ಒಳಗೆ ಗ್ರಾಫೈಟ್ ಪಟ್ಟಿಯೂ ಇರುತ್ತದೆ. ರಾಡ್ ಎರಡೂ ಕಡೆಗೆ ಕೆಲಸ ಮಾಡುತ್ತದೆ. ನಟ್ಟು ಕೈಗೆ ಸಿಗುವ ಜಾಗದಲ್ಲಿ ಇರುತ್ತದೆ. ಅಲೆನ್ ಕೀ ಜೇಬಲ್ಲಿದ್ದರೆ ಸ್ಟೇಜ್ ಪಕ್ಕದಲ್ಲೇ ಎರಡು ನಿಮಿಷದ ಕೆಲಸ. ಊರೂರು ತಿರುಗುವವರಿಗೆ ಇದು ದೊಡ್ಡ ವಿಷಯ.

ಸತ್ತ ಜಾಗದ ಮಾತೂ ಇಲ್ಲೇ ಹೇಳಬೇಕು. ಫೆಂಡರ್ ಮಾದರಿಯ ನೆಕ್‌ಗಳಲ್ಲಿ ಜಿ ತಂತಿಯ ಐದನೇ ಫ್ರೆಟ್ಟಿನಿಂದ ಏಳನೆಯದರ ನಡುವೆ ಎಲ್ಲೋ ಒಂದು ಸ್ವರ ಬೇಗ ಸಾಯುತ್ತದೆ. ಆ ಸ್ವರದ ಕಂಪನವನ್ನು ನೆಕ್ ತಾನೇ ಎಳೆದುಕೊಳ್ಳುತ್ತದೆ. ಆಂಪ್‌ಗೆ ಹಾಕದೆ, ಜಿ ತಂತಿಯ ಮೂರರಿಂದ ಒಂಬತ್ತನೇ ಫ್ರೆಟ್‌ವರೆಗೆ ಒಂದೊಂದೇ ಸ್ವರ ಮೀಟಿ, ಕೈ ಬಿಡದೆ ಕೇಳಿ. ಒಂದು ಕಡೆ ‘ಟುಂ’ ಅಂದು ನಿಂತುಹೋಗುತ್ತದೆ. ಹಳೇದರಲ್ಲಿ ಇದು ಸಾಮಾನ್ಯ, ಬೆಲೆ ಎಷ್ಟಿದ್ದರೂ ಇರುತ್ತದೆ. ಗಟ್ಟಿ ನೆಕ್‌ನ ಬೂಟೀಕ್‌ನಲ್ಲಿ ಕಡಿಮೆ. ಪೂರ್ತಿ ಇಲ್ಲವೇ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ನೀವೇ ಮೀಟಿ ನೋಡಿ.

ತೂಕದ ಬಗ್ಗೆ ಜಾಸ್ತಿ ಹೇಳುವುದಿಲ್ಲ. 1960ರ ದಶಕದ ಆಲ್ಡರ್ ಬಾಡಿಯವು ಸುಮಾರು 4 ಕೆಜಿ. 1970ರ ದಶಕದ ಆ್ಯಶ್ ಬಾಡಿಯ ಜಾಝ್ ಬೇಸ್ 5 ಕೆಜಿ ಮುಟ್ಟುವುದುಂಟು. ಮೂರು ಗಂಟೆ ನಿಂತು ನುಡಿಸುವವರ ಹೆಗಲಿಗೆ ಆ ವ್ಯತ್ಯಾಸ ಗೊತ್ತಾಗುತ್ತದೆ. ಒಳಗೆ ಟೊಳ್ಳು ಮಾಡಿದ ಸಡೌಸ್ಕಿ ಹಗುರ. ಬೂಟೀಕ್ ಎಲ್ಲ ಹಗುರ ಅಂದುಕೊಳ್ಳಬೇಡಿ. ಅಲೆಂಬಿಕ್ ಹೆಗಲಿಗೆ ಹಾಕಿ ನೋಡಿದವರಿಗೆ ಗೊತ್ತು.

ಸದ್ದಿನ ವಿಷಯಕ್ಕೆ ಬಂದರೆ

ಇಷ್ಟೆಲ್ಲ ದೂರು ಇದ್ದೂ ಹಳೇದಕ್ಕೆ ಯಾಕೆ ಜನ ಮುಗಿಬೀಳುತ್ತಾರೆ? ಜೇಮ್ಸ್ ಜೇಮರ್ಸನ್ ಡೆಟ್ರಾಯ್ಟ್‌ನ ಮೋಟೌನ್ ಸ್ಟುಡಿಯೋದಲ್ಲಿ ನುಡಿಸಿದ್ದು 1962ರ ಪ್ರಿಸಿಷನ್. ದಪ್ಪ ಫ್ಲಾಟ್‌ವೂಂಡ್ (ಮೇಲ್ಮೈ ನುಣುಪಾದ) ತಂತಿ, ಅದನ್ನು ಬದಲಿಸುತ್ತಲೇ ಇರಲಿಲ್ಲ, ಬ್ರಿಜ್ ಮುಚ್ಚಳದ ಕೆಳಗೆ ಸ್ಪಂಜಿನ ತುಂಡು. ಜಾಕೊ ನುಡಿಸಿದ್ದು ಫ್ರೆಟ್ ಕಿತ್ತು, ದೋಣಿಗೆ ಬಳಿಯುವ ಎಪಾಕ್ಸಿ ಬಳಿದ 1962ರ ಜಾಝ್. ನಮ್ಮ ಕಿವಿ ಬೇಸ್ ಅಂದರೆ ಏನು ಅಂತ ಕಲಿತದ್ದೇ ಇಂಥ ರೆಕಾರ್ಡ್‌ಗಳಿಂದ. ಹಾಗಾಗಿ ಆ ಸದ್ದು ಕೇಳಿದ ಕೂಡಲೇ ‘ಸರಿಯಾಗಿದೆ’ ಅನಿಸುತ್ತದೆ.

ಅಷ್ಟೇ ಅಲ್ಲ. ಪ್ರಿಸಿಷನ್‌ನ ಸದ್ದಿನಲ್ಲಿ ಮೇಲಿನ ಮಿಂಚು ಕಡಿಮೆ, ಕೆಳ-ಮಧ್ಯದ ಭಾಗ ದಪ್ಪ. ಒಂಟಿಯಾಗಿ ಕೇಳಿದರೆ ಸ್ವಲ್ಪ ಮೊಂಡು. ಆದರೆ ಕೀಬೋರ್ಡ್, ಗಿಟಾರ್, ಡೋಲಕ್, ಆಕ್ಟೋಪ್ಯಾಡ್ ಎಲ್ಲ ಸೇರಿದಾಗ ಅದಕ್ಕೆ ತನ್ನದೇ ಒಂದು ಜಾಗ ಇರುತ್ತದೆ, ಯಾರ ಮೇಲೂ ಬೀಳುವುದಿಲ್ಲ. ಬೂಟೀಕ್ ಬೇಸ್ ಇದಕ್ಕೆ ಉಲ್ಟಾ. ಕೋಣೆಯಲ್ಲಿ ಒಬ್ಬರೇ ಕೂತು ನುಡಿಸಿದರೆ ಪಿಯಾನೋ ಥರ ಕೇಳುತ್ತದೆ, ಕೆಳಗಿನಿಂದ ಮೇಲಿನವರೆಗೆ ಎಲ್ಲ ಸ್ಪಷ್ಟ. ಅದೇ ಸೆಟ್ಟಿಂಗ್ ಇಟ್ಟುಕೊಂಡು ಬ್ಯಾಂಡ್‌ಗೆ ಹೋದರೆ ಕೆಳಗೆ ಡ್ರಮ್ಸ್ ಜೊತೆ ಜಗಳ, ಮೇಲೆ ಕೀಬೋರ್ಡ್ ಜೊತೆ ಜಗಳ. ಬೂಟೀಕ್ ಬೇಸ್‌ಗೆ ಸಂಯಮ ಇಲ್ಲ ಅಂತಲ್ಲ, ಸಂಯಮ ನೀವು ತೋರಿಸಬೇಕು. ಪ್ರಿಸಿಷನ್‌ನಲ್ಲಿ ಅದನ್ನು ಲಿಯೋ ಫೆಂಡರ್ ಮೊದಲೇ ಮಾಡಿಟ್ಟಿದ್ದಾರೆ.

ಹಳೇ ಮರ ಒಣಗಿ ಒಣಗಿ ಸದ್ದು ಬೆಳೆಯುತ್ತದೆ ಅನ್ನುವ ಮಾತಿನ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ. ಆ ಕಾಲದ ಪಿಕಪ್‌ನ ಸುರುಳಿ ಸುತ್ತುವಾಗ ತಾಮ್ರದ ತಂತಿಯನ್ನು ಕೈಯಲ್ಲಿ ಹಿಡಿದು ಬಿಡುತ್ತಿದ್ದರು. ಹಾಗಾಗಿ ಒಂದರ ಹಾಗೆ ಇನ್ನೊಂದಿಲ್ಲ. ಒಂದೇ ವರ್ಷದ ಎರಡು ಬೇಸ್ ಪಕ್ಕ ಪಕ್ಕ ಇಟ್ಟರೆ ಒಂದು ಅದ್ಭುತ, ಇನ್ನೊಂದು ಸಾಧಾರಣ ಆಗಿರಬಹುದು. ವರ್ಷ ನೋಡಿ ಕೊಳ್ಳುವವರು ಮೋಸ ಹೋಗುವುದು ಇಲ್ಲೇ. ಬೂಟೀಕ್‌ನಲ್ಲಿ ಈ ಲಾಟರಿ ಕಡಿಮೆ. ಹತ್ತು ಸಡೌಸ್ಕಿ ತೆಗೆದುಕೊಂಡರೆ ಹತ್ತೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತವೆ.

ಬ್ಯಾಟರಿ ಮತ್ತು ರಿಪೇರಿ

ಹಳೇ ಪ್ರಿಸಿಷನ್ ಒಳಗೆ ಇರುವುದು ಎರಡು ಪಾಟ್ (ನಾಬ್ ಕೆಳಗಿನ ನಿಯಂತ್ರಕ), ಒಂದು ಕೆಪಾಸಿಟರ್, ಒಂದು ಜ್ಯಾಕ್. ಅಷ್ಟೇ. ಕೆಪಾಸಿಟರ್ ಹೋದರೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬಿಡಿಗಾಸಿಗೆ ಸಿಗುತ್ತದೆ, ಸಾಲ್ಡರಿಂಗ್ ಬರುವ ಯಾರಾದರೂ ಹಾಕಿಕೊಡುತ್ತಾರೆ. ಬೂಟೀಕ್‌ನಲ್ಲಿ ಪ್ರೀಆಂಪ್ ಇರುತ್ತದೆ, ಅದಕ್ಕೆ 9 ವೋಲ್ಟ್ ಬ್ಯಾಟರಿ, ಕೆಲವಕ್ಕೆ ಎರಡು. ಕೇಬಲ್ ಚುಚ್ಚಿಯೇ ಇಟ್ಟರೆ ರಾತ್ರಿಯೆಲ್ಲ ಬ್ಯಾಟರಿ ಖಾಲಿಯಾಗುತ್ತಿರುತ್ತದೆ. ಬ್ಯಾಟರಿ ಸಾಯುವಾಗ ಒಮ್ಮೆಲೇ ಸಾಯುವುದಿಲ್ಲ, ಸದ್ದು ಹರಿದ ಹಾಗೆ ಕೇಳಲು ಶುರುವಾಗುತ್ತದೆ. ಮೊದಲ ಸಲ ಕೇಳಿದವರು ಸ್ಪೀಕರ್ ಹೋಯಿತು ಅಂದುಕೊಳ್ಳುತ್ತಾರೆ. ಪ್ರೀಆಂಪೇ ಹೋದರೆ ಮಾಡಿದವರಿಗೇ ಬರೆದು ತರಿಸಬೇಕು. ಹಾಗಾಗಿ ಬೂಟೀಕ್ ಕೊಳ್ಳುವಾಗ ಪ್ರೀಆಂಪ್ ಆಫ್ ಮಾಡಿ ಬರೀ ಪಿಕಪ್ ಮೇಲೆ ನುಡಿಸುವ ಸ್ವಿಚ್ ಇದೆಯೇ ನೋಡಿ. ಇಲ್ಲದಿದ್ದರೆ ನಾನಂತೂ ಕೊಳ್ಳುವುದಿಲ್ಲ.

ಅಲೆಂಬಿಕ್ ಸೀರೀಸ್ ಮಾದರಿಗಳಿಗೆ ಹೊರಗಿನ ಪವರ್ ಸಪ್ಲೈ ಪೆಟ್ಟಿಗೆ, ಐದು ಪಿನ್ನಿನ ಕೇಬಲ್. ಅದು ಒಂದು ಬೇರೆಯೇ ಸಂಸಾರ.

ದುಡ್ಡಿನ ಲೆಕ್ಕ

ನಾಬ್ ಮೇಲೆ ನಾಬ್ ಇರುವ 1960-62ರ ಜಾಝ್ ಬೇಸ್, ಏನೂ ಬದಲಾಗದೆ ಉಳಿದದ್ದು, ಅಮೆರಿಕದಲ್ಲಿ 20,000 ಡಾಲರ್ ದಾಟುತ್ತದೆ. ಅದನ್ನು ಸ್ಟೇಜ್‌ಗೆ ಒಯ್ಯಲು ಕೈ ಬರುವುದಿಲ್ಲ. ನುಡಿಸಲಿಕ್ಕೆ ಕೊಳ್ಳುವವರು ನೋಡಬೇಕಾದ್ದು 1970ರ ದಶಕದ ಪ್ರಿಸಿಷನ್ ಅಥವಾ ಬಣ್ಣ ಬದಲಾದ 1960ರ ದಶಕದ್ದು. ಮತ್ತೆ ಪೇಂಟ್ ಮಾಡಿಸಿದ ಬೇಸ್‌ನ ಬೆಲೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಸದ್ದು ಅರ್ಧಕ್ಕೆ ಇಳಿಯುವುದಿಲ್ಲವಲ್ಲ.

ಬೂಟೀಕ್‌ನಲ್ಲಿ ಲೆಕ್ಕ ತಿರುಗುಮುರುಗು. ಹೊಸ ಫೊಡೆರಾಗೆ ಹೇಳಿ ಮಾಡಿಸಿದರೆ ಸುಲಭವಾಗಿ 10,000 ಡಾಲರ್ ಮೇಲೆ. ನಿಮಗೆ ಇಷ್ಟದ ಮರ, ಇಷ್ಟದ ಬಣ್ಣ, ಹನ್ನೆರಡನೇ ಫ್ರೆಟ್‌ನಲ್ಲಿ ಮಗಳ ಹೆಸರು. ಮಾರಲು ಹೊರಟಾಗ ಆ ಹೆಸರಿಗೆ ಯಾರೂ ದುಡ್ಡು ಕೊಡುವುದಿಲ್ಲ. ಆದ್ದರಿಂದ ಬೂಟೀಕ್ ಕೊಳ್ಳುವುದಾದರೆ ಸೆಕೆಂಡ್ ಹ್ಯಾಂಡ್ ಕೊಳ್ಳಿ. ಮೊದಲ ಇಳಿತವನ್ನು ಬೇರೆಯವರು ಭರಿಸಿರುತ್ತಾರೆ. ಸಾದಾ ಬಣ್ಣದ, ಹೆಚ್ಚು ಅಲಂಕಾರ ಇಲ್ಲದ್ದನ್ನು ಆರಿಸಿದರೆ ನೀವು ಮಾರುವಾಗಲೂ ಹೆಚ್ಚುಕಡಿಮೆ ಕೊಟ್ಟದ್ದು ಬರುತ್ತದೆ.

ಹಳೇದರ ಜಾತಕ ಓದುವುದು

ಮಾರುವವರು ‘1966ರದ್ದು’ ಅಂದರೆ ಸಾಲದು. ನೆಕ್ ಬಿಚ್ಚಿ ತೋರಿಸಿ ಅನ್ನಿ. ಬಿಚ್ಚಲ್ಲ ಅಂದರೆ ಅಲ್ಲಿಗೇ ಬಿಟ್ಟುಬಿಡಿ.

ನೆಕ್ಕಿನ ಬುಡದಲ್ಲಿ ದಿನಾಂಕ ಇರುತ್ತದೆ. ಮೊದಲ ವರ್ಷಗಳಲ್ಲಿ ಪೆನ್ಸಿಲ್‌ನಲ್ಲಿ ಬರೆಯುತ್ತಿದ್ದರು, 1962ರಿಂದ ಮುದ್ರೆ ಒತ್ತಿದ್ದಾರೆ. ಮುದ್ರೆಯ ಕೊನೆಯ ಅಕ್ಷರ ತಲೆಯ ಕಡೆಯ ನಟ್‌ನ ಅಗಲ ಹೇಳುತ್ತದೆ. ಎ ಅಂದರೆ ಒಂದೂವರೆ ಇಂಚು, ಸಿ ಅಂದರೆ ಒಂದೂಮುಕ್ಕಾಲು, ಬಿ ನಡುವಿನದ್ದು. ಸಣ್ಣ ಕೈಯವರಿಗೆ ಈ ಅಕ್ಷರ ದಿನಾಂಕಕ್ಕಿಂತ ಮುಖ್ಯ.

ಆಮೇಲೆ ನಾಬ್ ಇರುವ ಕಂಟ್ರೋಲ್ ಪ್ಲೇಟ್ ಅಥವಾ ಪಿಕ್‌ಗಾರ್ಡ್ (ಬಾಡಿ ಮೇಲಿನ ರಕ್ಷಣಾ ಹಾಳೆ) ಎತ್ತಿಸಿ. ಪಾಟ್ ಮೇಲೆ ಏಳು ಅಂಕಿ ಕಾಣುತ್ತದೆ. ಉದಾಹರಣೆಗೆ 1376633. ಮೊದಲ ಮೂರು ಅಂಕಿ ಮಾಡಿದ ಕಂಪನಿ, 137 ಅಂದರೆ ಸಿಟಿಎಸ್, 304 ಇದ್ದರೆ ಸ್ಟ್ಯಾಕ್‌ಪೋಲ್. ಮುಂದಿನ 66 ವರ್ಷ. ಕೊನೆಯ 33 ಆ ವರ್ಷದ 33ನೇ ವಾರ. ಇದರಲ್ಲೂ ಒಂದು ಕೊಂಕು ಇದೆ. 1966ರಲ್ಲಿ ಫೆಂಡರ್‌ನವರು ರಾಶಿ ರಾಶಿ ಪಾಟ್ ಕೊಂಡಿಟ್ಟುಕೊಂಡು ಮುಂದಿನ ವರ್ಷಗಳಲ್ಲೂ ಅದನ್ನೇ ಹಾಕಿದರು. ಹಾಗಾಗಿ ಪಾಟ್ ನಂಬರ್ ‘ಇದಕ್ಕಿಂತ ಹಿಂದಿನದ್ದಲ್ಲ’ ಅಂತ ಮಾತ್ರ ಹೇಳುತ್ತದೆ. 1968ರದ್ದನ್ನು 1966ರದ್ದು ಅಂತ ಮಾರುವವರಿಗೆ ಇದೇ ಅನುಕೂಲ. ನೆಕ್ ಮುದ್ರೆ, ಪಾಟ್, ಬ್ರಿಜ್ ಹತ್ತಿರದ ಸ್ಕ್ರೂ ತೂತು, ಪಿಕ್‌ಗಾರ್ಡ್ ಕೆಳಗಿನ ಬಣ್ಣ, ಎಲ್ಲ ಒಂದೇ ಕಥೆ ಹೇಳಬೇಕು. ಸಾಲ್ಡರ್ ಹೊಸದಾಗಿ ಹೊಳೆಯುತ್ತಿದ್ದರೆ ಯಾಕೆ ಅಂತ ಕೇಳಿ.

ಟ್ರಸ್ ರಾಡ್ ಇನ್ನೂ ತಿರುಗುತ್ತದೆಯೇ ಅನ್ನುವುದು ಇವೆಲ್ಲಕ್ಕಿಂತ ದೊಡ್ಡ ಪ್ರಶ್ನೆ. ಕೊನೆಯವರೆಗೆ ಬಿಗಿ ಮಾಡಿಯೂ ನೆಕ್ ಬಾಗಿದ್ದರೆ ಅದು ಗೋಡೆಗೆ ನೇತುಹಾಕುವ ಬೇಸ್.

ಬೀಟೆ ಮರದ ಕಾಗದ

ವಿದೇಶದಿಂದ ತರುವವರಿಗೆ ಒಂದು ಎಚ್ಚರಿಕೆ. 1960ರ ದಶಕದ ಮೊದಲ ಭಾಗದ ಫೆಂಡರ್‌ಗಳ ಕಪ್ಪು ಫಿಂಗರ್‌ಬೋರ್ಡ್ (ನೆಕ್ ಮೇಲೆ ಬೆರಳಿಡುವ ಪಟ್ಟಿ) ಬ್ರೆಜಿಲ್‌ನ ರೋಸ್‌ವುಡ್. 1992ರಿಂದ ಅದು, ಅಪಾಯದಲ್ಲಿರುವ ಪ್ರಾಣಿ-ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಒಂದನೇ ಪಟ್ಟಿಯಲ್ಲಿದೆ. ಗಡಿ ದಾಟಿಸಲು ಪರವಾನಗಿ ಕಾಗದ ಬೇಕು, ಹಳೇದು ಅನ್ನುವ ಒಂದೇ ಕಾರಣಕ್ಕೆ ವಿನಾಯಿತಿ ಇಲ್ಲ. ಆ ದಶಕದ ಮಧ್ಯದಿಂದೀಚೆಗೆ ಬಂದದ್ದು ಹೆಚ್ಚಾಗಿ ಭಾರತದ ರೋಸ್‌ವುಡ್. ಅಂದರೆ ನಮ್ಮ ಪಶ್ಚಿಮ ಘಟ್ಟದ ಕಾಡಲ್ಲೂ ಬೆಳೆಯುವ ಬೀಟೆ. ಇದನ್ನೂ ಸೇರಿಸಿ ಆ ಜಾತಿಯ ಎಲ್ಲ ಮರಗಳೂ 2017ರಲ್ಲಿ ಎರಡನೇ ಪಟ್ಟಿಗೆ ಹೋದವು. 2019ರ ಕೊನೆಗೆ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು, ಆದರೆ ಬ್ರೆಜಿಲ್‌ನ ಮರಕ್ಕೆ ಆ ವಿನಾಯಿತಿ ಇಲ್ಲ. 1950ರ ದಶಕದ ಪೂರ್ತಿ ಮೇಪಲ್ ನೆಕ್‌ಗೆ ಈ ತಲೆನೋವೇ ಬರುವುದಿಲ್ಲ. ಬೂಟೀಕ್‌ನಲ್ಲೂ ಬ್ರೆಜಿಲ್ ರೋಸ್‌ವುಡ್ ಹಾಕಿಸಿಕೊಂಡ ದುಬಾರಿ ಮಾದರಿಗಳಿವೆ, ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಕೇಳಿಕೊಳ್ಳಿ. ಬಳಸಿದ ವಾದ್ಯಕ್ಕೂ ಕಸ್ಟಮ್ಸ್ ಸುಂಕ ಬೀಳುತ್ತದೆ, ಬಿಲ್ ಜೊತೆಗಿರಲಿ.

ಹಾಗಾದರೆ ಯಾರಿಗೆ ಯಾವುದು

ಆರ್ಕೆಸ್ಟ್ರಾ, ಸುಗಮ ಸಂಗೀತ, ಮದುವೆ ರಿಸೆಪ್ಶನ್, ಊರೂರು ತಿರುಗಾಟ: ಸೆಕೆಂಡ್ ಹ್ಯಾಂಡ್ ಐದು ತಂತಿಯ ಬೂಟೀಕ್. ಇದರಲ್ಲಿ ನನಗೆ ಎರಡು ಮಾತಿಲ್ಲ. ಸ್ಲ್ಯಾಪ್ (ಹೆಬ್ಬೆರಳಿನಿಂದ ತಂತಿಗೆ ಹೊಡೆದು ನುಡಿಸುವುದು) ಜಾಸ್ತಿ ಇದ್ದರೆ ಬ್ರಿಜ್ ಪಿಕಪ್ 1970ರ ದಶಕದ ಜಾಗದಲ್ಲಿರುವುದನ್ನು ಕೇಳಿ. ಅದು 1960ರ ದಶಕದ ಜಾಗಕ್ಕಿಂತ ಬ್ರಿಜ್‌ಗೆ ಸುಮಾರು 10 ಮಿಲಿಮೀಟರ್ ಹತ್ತಿರ, ಸದ್ದು ಹರಿತ.

ಸ್ಟುಡಿಯೋ ಕೆಲಸ ಜಾಸ್ತಿ, ರಾಕ್ ಅಥವಾ ಹಳೇ ಹಾಡುಗಳ ಬ್ಯಾಂಡ್, ನಾಲ್ಕು ತಂತಿ ಸಾಕು: 1970ರ ದಶಕದ ಪ್ರಿಸಿಷನ್. ತೂಕ ಮಾತ್ರ ತಕ್ಕಡಿಯಲ್ಲಿಟ್ಟು ನೋಡಿ.

ಹಳೇ ಸದ್ದು ಬೇಕು, ಹಳೇ ಬೆಲೆ ಬೇಡ ಅನ್ನುವವರಿಗೆ ಜಪಾನ್ ಇದೆ. 1982ರಲ್ಲಿ ಫೆಂಡರ್ ಜಪಾನ್ ಶುರುವಾದಾಗ ಫುಜಿಜೆನ್ ಕಾರ್ಖಾನೆಯಲ್ಲಿ ಹಳೇ ಮಾದರಿಗಳನ್ನೇ ಮತ್ತೆ ಮಾಡಿದರು. ಜೆವಿ ಅಂತ ಶುರುವಾಗುವ ಸೀರಿಯಲ್ ನಂಬರ್‌ನವು ಅವು, ಸ್ಕ್ವಯರ್ ಹೆಸರಿನವೂ ಇವೆ. ಕೆಲಸ ಬಹಳ ಶುದ್ಧ. ಈಗ ಅವಕ್ಕೂ ನಲವತ್ತು ವರ್ಷ ದಾಟಿತು, ಬೆಲೆ ಏರುತ್ತಿದೆ, ಆದರೂ ಪ್ರೀ-ಸಿಬಿಎಸ್ ಹತ್ತಿರಕ್ಕೂ ಇಲ್ಲ.

ಇವುಗಳಲ್ಲಿ ಯಾವುದಕ್ಕೂ ಕೈ ಹಾಕುವ ಮುಂಚೆ, ಮನೆಯಲ್ಲಿ ಈಗಾಗಲೇ ಪ್ರಿಸಿಷನ್ ಮಾದರಿಯ ಸಾಧಾರಣ ಬೇಸ್ ಇದ್ದರೆ ಒಂದು ಕೆಲಸ ಮಾಡಿ. ಲಾ ಬೆಲ್ಲಾ ಕಂಪನಿಯ ಫ್ಲಾಟ್‌ವೂಂಡ್ ತಂತಿ ಒಂದು ಸೆಟ್ ಹಾಕಿಸಿ. ಬ್ರಿಜ್ ಪಕ್ಕ ತಂತಿಗಳ ಕೆಳಗೆ ಬೆರಳಗಲದ ಸ್ಪಂಜು ತೂರಿಸಿ, ತಂತಿಗೆ ತಾಗಿದರೆ ಸಾಕು, ಒತ್ತಬಾರದು. ಟೋನ್ ನಾಬ್ ಅರ್ಧಕ್ಕೆ ಇಳಿಸಿ. ತಿಂಗಳೆರಡು ತಿಂಗಳು ಬ್ಯಾಂಡ್ ಜೊತೆ ಹಾಗೇ ನುಡಿಸಿ. ತಂತಿಯ ಜಿಡ್ಡು ಒರೆಸಬೇಡಿ. ಅದು ಸಾಕು ಅನಿಸಿದರೆ ವಿಂಟೇಜ್‌ಗೆ ಎತ್ತಿಟ್ಟ ದುಡ್ಡನ್ನು ಒಳ್ಳೇ ಆಂಪ್‌ಗೆ ಹಾಕಬಹುದು. ಕೆಳಗಿನ ಸ್ವರ ಸಾಲುತ್ತಿಲ್ಲ ಅನಿಸಿದರೆ ಬೂಟೀಕ್ ಹುಡುಕಲು ಶುರು ಮಾಡಿ.